ಗೋಡೆಗೆ ಮುಖ ಮಾಡಿದ ಪಟ

ಲಿಂಬೆ ಎಂಬ ಪೇಟೆಯ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿದ್ದ ಕುವಾಲ ಫೋಟೊ ಸ್ಟುಡಿಯೊದಲ್ಲಿ ದೇಶದ ಅಧ್ಯಕ್ಷರ ಪಟ ಇರಬೇಕಾದ ಜಾಗದಲ್ಲೇ ಇತ್ತು. ಎಲ್ಲಕ್ಕಿಂತ ಮೇಲೆ, ಗೋಡೆ ಗಡಿಯಾರಕ್ಕಿಂತ ಒಂದು ಗೇಣು ಎತ್ತರದಲ್ಲಿ. ಅಂಗಡಿ ಎಂದಮೇಲೆ ಪಟ ಇರಲೇಬೇಕು, ಪಟ ಎಂದಮೇಲೆ ಅದಕ್ಕಿಂತ ಎತ್ತರದಲ್ಲಿ ಇನ್ನೇನೂ ಇರಕೂಡದು. ಹಲ್ಲಿಯೊಂದು ಮೇಲೆ ಹತ್ತಿದರೂ ಹುಶ್ ಎಂದು ಓಡಿಸುವುದು ಕ್ಷೇಮ. ಲಮೆಕ್ ನಮಾಲೊಂಬ ದಿನಾ ಬೆಳಿಗ್ಗೆ ಸ್ಟುಡಿಯೊದ ಬಾಗಿಲು ತೆಗೆದ ಕೂಡಲೇ ಆ ಪಟದ ಗಾಜು ಒರೆಸುತ್ತಿದ್ದ. ಹೆದರಿಕೆಯಿಂದಲೋ ಭಕ್ತಿಯಿಂದಲೋ ಎಂದು ಕೇಳಿದ್ದರೆ ಅವನಿಗೇ ಹೇಳಲು ಬರುತ್ತಿರಲಿಲ್ಲ. ಆ ಕಾಲದಲ್ಲಿ ಅವೆರಡನ್ನು ಬೇರೆ ಬೇರೆ ಮಾಡಿ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಆದರೆ ಶನಿವಾರ ಮಧ್ಯಾಹ್ನ ಪೇಟೆಯ ಅಂಗಡಿಗಳೆಲ್ಲ ಮುಚ್ಚಿದ ಮೇಲೆ ಅದೇ ಲಮೆಕ್ ಸ್ಟೂಲು ಹತ್ತಿ, ಪಟವನ್ನು ಮೊಳೆಯಿಂದ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ಇಳಿಸಿ, ನೆಲದ ಮೇಲೆ ಒಗೆದ ಬಟ್ಟೆ ಹಾಸಿ, ಅದರ ಮೇಲೆ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದ. ಇಳಿಸುವಾಗ "ತಪ್ಪು ತಿಳ್ಕೋಬೇಡಿ ಹಿರಿಯರೇ" ಎಂದು ಗೊಣಗುತ್ತಲೂ ಇದ್ದ.

ಅದಕ್ಕೆ ಕಾರಣ ರಾಜಕೀಯವಲ್ಲ, ಮರ್ಯಾದೆ. ಶನಿವಾರ ಮಧ್ಯಾಹ್ನ ಬರುತ್ತಿದ್ದ ಹೆಣ್ಣುಮಕ್ಕಳು ಪರದೆಯ ಹಿಂದೆ ಸೊಂಟಕ್ಕೆ ಸುತ್ತಿದ ಚಿತೆಂಜೆ ಬಟ್ಟೆ ಬಿಚ್ಚಿಟ್ಟು ಪ್ಯಾಂಟು ಹಾಕಿಕೊಂಡು ಈಚೆ ಬರುತ್ತಿದ್ದರು. ಕೆಲವರು ಮೊಣಕಾಲು ಕಾಣುವ ಲಂಗ ತೊಟ್ಟು. ಅಷ್ಟು ಹಿರಿಯರ ಕಣ್ಣೆದುರಿಗೆ ಮೊಮ್ಮಗಳ ವಯಸ್ಸಿನವಳು ಹಾಗೆ ನಿಲ್ಲುವುದುಂಟೇ? ಲಮೆಕ್‌ನ ತಾಯಿ ತನ್ನ ಮಾವನಿಗೆ ನೀರು ಕೊಡುವಾಗಲೂ ಮೊಣಕಾಲೂರಿ ಕೊಟ್ಟವಳು. ಅವಳ ಕೈಯಲ್ಲಿ ಬೆಳೆದವನಿಗೆ ಪಟವೆಂದರೂ ಹಿರಿಯರು ಹಿರಿಯರೇ. ನೋಡಬಾರದ್ದನ್ನು ಅವರಿಗೆ ತೋರಿಸುವುದಕ್ಕಿಂತ ಅವರ ಮುಖ ಆಚೆಗೆ ತಿರುಗಿಸುವುದು ವಾಸಿ ಎಂದು ಅವನಿಗೆ ಅನ್ನಿಸಿತ್ತು. ಇಂಥ ಮರ್ಯಾದಸ್ಥನ ಕುತ್ತಿಗೆಗೆ ಆ ಮರ್ಯಾದೆಯೇ ಉರುಳಾಗಿ ಬಿತ್ತು ನೋಡಿ.

ಲಮೆಕ್ ಶುರುವಿನಲ್ಲಿ ತೆಗೆಯುತ್ತಿದ್ದದ್ದು ಗುರುತಿನ ಚೀಟಿಗೆ ಅಂಟಿಸುವ ಮುಖಗಳನ್ನು. ನೆಟ್ಟಗೆ ಕೂತು, ಉಸಿರು ಬಿಗಿಹಿಡಿದು, ಪೊಲೀಸ್ ಸ್ಟೇಷನ್ನಿಗೆ ಬಂದವರಂತೆ ಕ್ಯಾಮೆರಾ ನೋಡುವ ಗಂಡಸರು, ಹೆಂಗಸರು. ಆ ಕೆಲಸದಲ್ಲೇ ಇದ್ದಿದ್ದರೆ ನೆಮ್ಮದಿಯಾಗಿ ಹೊಟ್ಟೆ ಹೊರೆದುಕೊಂಡಿರುತ್ತಿದ್ದ. ಆದರೆ ಒಂದು ದಿನ ಇಬ್ಬರು ಹುಡುಗರು ಬಂದು, "ಮಾವ, ನಮ್ಮಿಬ್ಬರದೂ ಒಂದು ತೆಗಿ, ಆದ್ರೆ ನಾವು ನಾವಾಗಿ ಕಾಣಬಾರದು" ಎಂದರು. ಲಮೆಕ್ ನಕ್ಕುಬಿಟ್ಟ. ತನ್ನ ಕೈಗಡಿಯಾರವನ್ನು ಒಬ್ಬನಿಗೆ ಕಟ್ಟಿದ, ಕಪ್ಪು ಕನ್ನಡಕವನ್ನು ಇನ್ನೊಬ್ಬನಿಗೆ ಹಾಕಿದ. ಆ ಪಟ ತೊಳೆದು ನೋಡಿದಾಗ ಅವನಿಗೆ ತನ್ನ ದಾರಿ ಗೊತ್ತಾಯಿತು.

ಅಲ್ಲಿಂದ ಮುಂದೆ ಅವನು ಹಿಂದೆ ಬಿದ್ದದ್ದು ಆ ವಯಸ್ಸಿನ ಮಕ್ಕಳನ್ನೇ. ಮೀಸೆ ಮೂಡಿತೋ ಇಲ್ಲವೋ ಎಂದು ದಿನಾ ತಡವಿ ನೋಡಿಕೊಳ್ಳುವ ಹುಡುಗರು, ಯಾರೂ ನೋಡದಿದ್ದರೆ ಬೇಜಾರಾಗಿ ಯಾರಾದರೂ ನೋಡಿದರೆ ಸಿಟ್ಟಾಗುವ ಹುಡುಗಿಯರು. ರೈಲ್ವೆ ಹಾಲಿನಲ್ಲಿ ಡ್ಯಾನ್ಸ್ ಇದ್ದರೆ ಫ್ಲ್ಯಾಶ್ ಹಿಡಿದು ಹೋಗುತ್ತಿದ್ದ. ಎಣ್ಣೆ ಡಬ್ಬಿಯಲ್ಲಿ ಗಿಟಾರು ಮಾಡಿಕೊಂಡವರನ್ನು, ಹೊಳೆಯಲ್ಲಿ ಮುಳುಗೆದ್ದವರನ್ನು, ಒಂದೇ ಥಾನಿನ ಬಟ್ಟೆಯಲ್ಲಿ ಗೆಳತಿಯರಿಬ್ಬರು ಹೊಲಿಸಿಕೊಂಡ ಜೋಡಿ ಫ್ರಾಕನ್ನು, ಎಲ್ಲವನ್ನೂ ತೆಗೆದ. ಮದುವೆಯಾದವರ ಮುಖ ಸಿಮೆಂಟಿನ ಹಾಗೆ ಗಟ್ಟಿಯಾಗಿಬಿಡುತ್ತದೆ, ಅದರಲ್ಲಿ ತೆಗೆಯುವುದೇನಿದೆ ಎಂದು ಅವನ ವಾದ. ಅವನಿಗೂ ಒಮ್ಮೆ ಮದುವೆಯಾಗಿತ್ತು, ಹೆಂಡತಿ ಬಿಟ್ಟುಹೋಗಿದ್ದಳು; ಈ ವಾದ ಕೇಳಿ ಕೇಳಿಯೇ ಹೋಗಿರಬೇಕು ಎಂದು ಪಕ್ಕದ ಬೀಟಿ ಸಾಯಿದಿ ಹೇಳುತ್ತಿದ್ದಳು.

ಮಕ್ಕಳು ಪಟಗಳನ್ನು ಒಯ್ಯುತ್ತಿದ್ದರು, ನೆಗೆಟಿವ್ ಲಮೆಕ್‌ನಲ್ಲೇ ಉಳಿಯುತ್ತಿತ್ತು. ಬಿಸ್ಕತ್ತಿನ ಡಬ್ಬಿಗಳಲ್ಲಿ, ಕಾಗದದ ಲಕೋಟೆಗಳಲ್ಲಿ, ಒಂದೊಂದರ ಮೇಲೂ ಹೆಸರು. ಪೇಟೆಯ ಅಷ್ಟೂ ಮಕ್ಕಳ ಹರೆಯ ಸ್ಟುಡಿಯೊದ ಹಿಂದಿನ ಕೋಣೆಯ ಅವನ ಮಂಚದ ಕೆಳಗಿತ್ತು ಎಂದರೆ ಸುಳ್ಳಲ್ಲ.

ಈ ಕತೆ ನಡೆಯುವ ಹಿಂದಿನ ವರ್ಷ ಉಡುಪಿನ ಕಾನೂನು ಬಂತು. ಹೆಂಗಸರಿಗೆ ಪ್ಯಾಂಟು ಕೂಡದು, ಲಂಗ ಮೊಣಕಾಲು ಮುಚ್ಚಬೇಕು. ಗಂಡಸರಿಗೆ ಬೆಲ್‌ಬಾಟಂ ಕೂಡದು, ಕೂದಲು ಕಾಲರು ಮುಟ್ಟಕೂಡದು. ಆ ವಾರವೇ ವಾರ್ಡಿನ ಪಕ್ಷದ ಚೇರ್ಮನ್ ಲುಪಿಯ ಸ್ಟುಡಿಯೊದ ಮುಂದೆ ಬಂದು ನಿಂತರು. ಬಾಗಿಲ ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯೊಂದಿತ್ತು. ಚೆನ್ನಾಗಿ ಬಂದ ಪಟಗಳನ್ನು ಲಮೆಕ್ ಅದರಲ್ಲಿ ಹಚ್ಚಿ ದಾರಿಹೋಕರಿಗೆ ತೋರಿಸುತ್ತಿದ್ದ. ಅವುಗಳ ನಟ್ಟನಡುವೆ ಚೇರ್ಮನ್ನರ ಒಬ್ಬನೇ ಮಗ ಬೆಸ್ಟನ್ ನಿಂತಿದ್ದ. ರೇಡಿಯೊ ಮೇಲೆ ಒಂದು ಕಾಲು, ಅಗಲವಾದ ಬೆಲ್‌ಬಾಟಂ, ಸ್ಟುಡಿಯೊದ ಕಪ್ಪು ಕನ್ನಡಕ, ಎಡಗೈ ಸೊಂಟದ ಮೇಲೆ, ಬಲಗೈ ಎತ್ತಿ ಪಟದಾಚೆಯ ಯಾವುದೋ ಊರನ್ನು ತೋರಿಸುವಂತೆ.

"ತೆಗಿ ಇದನ್ನ," ಎಂದರು ಚೇರ್ಮನ್.

ಲಮೆಕ್ ತೆಗೆದುಕೊಟ್ಟ. ಲುಪಿಯ ಅದನ್ನು ಎಲ್ಲರ ಮುಂದೆ ನಾಲ್ಕು ಚೂರು ಮಾಡಿದರು. "ನನ್ನ ಮಗ ಆದ್ರೇನು? ಕಾನೂನು ಅಂದ್ರೆ ಕಾನೂನು!" ಎಂದರು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ತಟ್ಟದೆ ಇರಲು ಯಾರಿಗೆ ಎದೆಯಿತ್ತು? ಬೆಸ್ಟನ್ ಮುಂದಿನ ತಿಂಗಳೇ ಜೋಹಾನ್ಸ್‌ಬರ್ಗಿನ ಗಣಿ ಕೆಲಸಕ್ಕೆ ಹೆಸರು ಕೊಟ್ಟು ಹೊರಟುಹೋದ. ಅಲ್ಲಿ ಎಷ್ಟು ಅಗಲದ ಪ್ಯಾಂಟಾದರೂ ಹಾಕಬಹುದಂತೆ ಎಂದು ಹುಡುಗರು ಮಾತಾಡಿಕೊಂಡರು.

ಪೇಟೆಯ ಮನೆಮನೆಯಲ್ಲೂ ಹಳೆಯ ಪಟಗಳು ಒಲೆಗೆ ಬಿದ್ದವು. ಸುಡಲು ಮನಸ್ಸಾಗದವರು ಚಿತೆಂಜೆಯ ಅಂಚಿನಲ್ಲಿ ಮುಚ್ಚಿ ತಂದು ಲಮೆಕ್‌ಗೇ ವಾಪಸ್ಸು ಕೊಟ್ಟರು. "ನೆಗೆಟಿವ್ ಹೇಗೂ ನಿನ್ನ ಹತ್ರ ಇರತ್ತಲ್ಲ" ಎನ್ನುವುದು ಎಲ್ಲರ ಬಾಯಲ್ಲೂ. ಕಾಲ ಬದಲಾದ ಮೇಲೆ ಮತ್ತೆ ಮಾಡಿಸಿಕೊಂಡರಾಯಿತು ಎಂದು. ಹೀಗೆ ಊರಿನವರ ಹೆದರಿಕೆಯೆಲ್ಲ ಬಂದು ಅವನ ಮಂಚದ ಕೆಳಗೆ ಕೂತಿತು. ಅವನೂ ಪಟಕ್ಕೆಂದು ಮಕ್ಕಳಿಗೆ ಹಾಕಿಸುತ್ತಿದ್ದ ಸ್ಟುಡಿಯೊದ ಬೆಲ್‌ಬಾಟಂಗಳನ್ನು, ಪ್ಯಾಂಟುಗಳನ್ನು ಜೋಳದ ಹಿಟ್ಟಿನ ಡ್ರಮ್ಮಿನಲ್ಲಿ ಹೂತಿಟ್ಟ. ಸುಮ್ಮನಿರಬಹುದಿತ್ತು. ಆದರೆ ಹುಡುಗಿಯರು ಬಂದು ಬಾಗಿಲಲ್ಲಿ ನಿಂತು, "ಮಾವ, ಒಂದೇ ಒಂದು" ಎಂದರೆ ಅವನಿಗೆ ಇಲ್ಲವೆನ್ನಲು ಬರುತ್ತಿರಲಿಲ್ಲ. ಇದು ಅವನ ಕಸುಬಿನ ಚಟ.

ಹೀಗೆ ಒಂದು ಶನಿವಾರ ಬಂದವಳು ಎನಿಫ, ರೈಲ್ವೆ ಗಾರ್ಡ್ ಒಬ್ಬರ ಮಗಳು. ಅಪ್ಪ ಚರ್ಚಿನ ಹಿರಿಯ, ಬಲು ಬಿಗಿ ಮನುಷ್ಯ. ಹಿಟ್ಟು ಕೊಡವಿ ಪ್ಯಾಂಟು ಹಾಕಿಕೊಂಡು ಬಂದವಳೇ ತನ್ನ ಬೆನ್ನನ್ನು ನೋಡಿಕೊಳ್ಳಲು ಒದ್ದಾಡಿದಳು.

"ಹಿಂದಿಂದ ಹೆಂಗೆ ಕಾಣತ್ತೆ ಮಾವ?"

"ಮುಂದಿಂದ ಕಂಡ ಹಾಗೇ. ನಿಂತ್ಕೋ ಸುಮ್ನೆ."

"ನೀವು ಗಂಡಸ್ರು, ನಿಮಗೇನು ಗೊತ್ತಾಗತ್ತೆ?" ಎಂದು ಅವಳು ಮೂಲೆಯಲ್ಲಿದ್ದ ಆಳೆತ್ತರದ ಕನ್ನಡಿಯನ್ನು ದರದರ ಎಳೆದು ತಂದು ತನ್ನ ಪಕ್ಕಕ್ಕೆ ನಿಲ್ಲಿಸಿಕೊಂಡಳು. ಹಿಂದೆ ದೊಡ್ಡ ಊರಿನ ಮಹಡಿಮನೆಗಳನ್ನು ಬರೆದ ಪರದೆ, ಪಕ್ಕದಲ್ಲಿ ಕನ್ನಡಿ, ನಡುವೆ ಎನಿಫ. ಭುಜದ ಮೇಲಿಂದ ತಿರುಗಿ ನಕ್ಕಳು. ಆ ನಗು ಬಂದ ಕ್ಷಣಕ್ಕೇ ಲಮೆಕ್ ಗುಂಡಿ ಒತ್ತಿದ. ಅವನು ನೋಡಿದ್ದು ಮುಖವನ್ನು ಮಾತ್ರ. ಅವನ ಹೆಚ್ಚುಗಾರಿಕೆ ಅದೇ, ದಡ್ಡತನವೂ ಅದೇ.

ಪಟ ಚೆನ್ನಾಗಿ ಬಂತು. ವಾರದ ನಡುವೆ ಎನಿಫ ಬಂದು ಒಯ್ದಳು, ಗೆಳತಿಗೆ ಕೊಡಲು ಇನ್ನೊಂದು ಬೇಕೆಂದಳು. ಶುಕ್ರವಾರ ಕತ್ತಲೆ ಕೋಣೆಯಲ್ಲಿ ಆ ಇನ್ನೊಂದನ್ನು ತೊಳೆದು, ಈಚೆ ಬೆಳಕಿಗೆ ತಂದು, ಚುಕ್ಕೆಯೇನಾದರೂ ಬಿದ್ದಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡುತ್ತಿದ್ದವನ ಕಣ್ಣು ಪಟದೊಳಗಿನ ಕನ್ನಡಿಯ ಮೇಲೆ ನಿಂತಿತು.

ಕನ್ನಡಿಯಲ್ಲಿ ಎದುರುಗೋಡೆ ಬಂದಿತ್ತು. ಗಡಿಯಾರ. ಗಡಿಯಾರದ ಮೇಲೆ ಬರಿ ಮೊಳೆ. ಮೊಳೆಯ ಕೆಳಗೆ, ಬಹುಕಾಲ ಪಟ ತೂಗುಹಾಕಿ ತೆಗೆದ ಕಡೆ ಸುಣ್ಣ ಬೆಳ್ಳಗೆ ಉಳಿಯುತ್ತದಲ್ಲ, ಆ ಚೌಕ. ಎಳೆಮಗುವಿಗೂ ಗೊತ್ತಾಗುವಂತಿತ್ತು ಆ ಜಾಗದಲ್ಲಿ ಯಾರಿರಬೇಕಿತ್ತು ಎಂದು.

ಹುಡುಗಿಗೆ ಪ್ಯಾಂಟು ಹಾಕಿಸಿದ್ದು ದಂಡಕ್ಕೋ ಒಂದಿಷ್ಟು ದಿನದ ಜೈಲಿಗೋ ಮುಗಿಯಬಹುದು. ಅಧ್ಯಕ್ಷರನ್ನು ಗೋಡೆಯಿಂದ ಇಳಿಸಿದವನ ಗತಿ? ಅಂಥವರನ್ನು ಕರೆದೊಯ್ದ ಮೇಲೆ ಎಲ್ಲಿದ್ದಾರೆ ಎಂದು ಮನೆಯವರು ಕೇಳುವುದನ್ನೂ ಬಿಟ್ಟಿದ್ದರು. ‘ಮರ್ಯಾದೆಗೋಸ್ಕರ ಇಳಿಸಿದೆ ಸ್ವಾಮಿ’ ಎಂದರೆ ಯಾರು ಕೇಳುತ್ತಾರೆ?

ಅಷ್ಟು ಸಾಲದೆಂಬಂತೆ ಬಾಗಿಲಲ್ಲಿ ಬೀಟಿ ಸಾಯಿದಿ ಕಾಣಿಸಿಕೊಂಡಳು. ಸ್ಟುಡಿಯೊದ ಜಗಲಿಯ ಪಕ್ಕದಲ್ಲೇ ಕೂತು ಮಂದಾಸಿ ಎಂಬ ಹಿಟ್ಟಿನುಂಡೆ ಕರಿದು ಮಾರುವ ಹೆಂಗಸು. ಕೈಯೆಲ್ಲ ಹಿಟ್ಟು.

"ಏನಪ್ಪಾ ಲಮೆಕ್, ಬೆಳಿಗ್ಗೆ ಎಲ್ ಹೋಗಿದ್ದೆ? ಚೇರ್ಮನ್ ಬಂದಿದ್ರು."

ಲಮೆಕ್ ಪಟವನ್ನು ಅಂಗಿಯೊಳಗೆ ತುರುಕಿಕೊಂಡ. "ಯಾವ ಚೇರ್ಮನ್?"

"ಊರಿಗೆಲ್ಲ ಎಷ್ಟು ಜನ ಇದಾರೆ? ಲುಪಿಯ. ಬಾಗಿಲಿಗೆ ಬೀಗ ನೋಡಿ ನನ್ನ ಕೇಳಿದ್ರು. ‘ಇವನು ತೆಗೆದಿದ್ದೆಲ್ಲ ಇಟ್ಕೊಂಡಿರ್ತಾನಾ, ಹಳೇದು ಸಮೇತ?’ ಅಂತ."

"ನೀನೇನಂದೆ ಅಕ್ಕ?"

"ಇಟ್ಕೊಂಡಿರ್ತಾನೆ, ಮಂಚದ ಕೆಳಗೆ ಡಬ್ಬಿಗಟ್ಲೆ ಇದೆ ಅಂದೆ. ಸುಳ್ಳಾ?"

"ಅಯ್ಯೋ ನಿನ್ನ ಬಾಯಿಗಿಷ್ಟು!"

"ಯಾಕೆ ಹಂಗೆ ಮೈಮೇಲೆ ಬೀಳ್ತೀಯ? ಅವರಿಗೆ ಮಂದಾಸಿ ಕೊಟ್ರೆ ತಿನ್ನಲಿಲ್ಲ. ಮುಖ ನೋಡಿದ್ರೆ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಅನ್ಸತ್ತೆ. ಸೋಮವಾರ ಬರ್ತೀನಿ, ಎಲ್ಲೂ ಹೋಗೋದು ಬೇಡ ಅಂತ ಹೇಳು ಅಂದ್ರು. ಹೇಳಿದೀನಿ. ಇನ್ನು ನೀನುಂಟು ಅವರುಂಟು."

ಲಮೆಕ್‌ನ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಂಡಿತು. ಎನಿಫ ಆ ಪಟವನ್ನು ಯಾರಿಗೋ ತೋರಿಸಿದ್ದಾಳೆ. ಅದು ಚೇರ್ಮನ್ನರ ಕೈ ಸೇರಿದೆ. ಅವರು ಕನ್ನಡಿಯನ್ನು ನೋಡಿದ್ದಾರೆ. ಇಲ್ಲದಿದ್ದರೆ ಹಳೆಯದರ ಮಾತೇಕೆ? ಆ ಸಂಜೆ ಎನ್ಸಿಮ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟ. ಬೀದಿಯಲ್ಲಿ ಸೈಕಲ್ಲು ನಿಂತ ಸದ್ದಾದರೂ ಎದ್ದು ಕಿಟಕಿಯಲ್ಲಿ ಇಣುಕುತ್ತಿದ್ದ.

ಮರುದಿನ ಬೆಳಿಗ್ಗೆಯೇ ಹೋಗಿ ರೈಲ್ವೆ ವಸತಿಯ ನಲ್ಲಿಯ ಹತ್ತಿರ ಎನಿಫಳನ್ನು ಹಿಡಿದ. ಅವಳು ಬಕೆಟ್ಟು ತಲೆಗೇರಿಸಿಕೊಳ್ಳುವುದರಲ್ಲಿದ್ದಳು.

"ಆ ಪಟ ಎಲ್ಲಿದೆ?"

"ಮನೇಲಿದೆ ಮಾವ. ಯಾಕೆ? ಚೆನ್ನಾಗಿ ಬಂದಿಲ್ವಾ?"

"ಯಾರಿಗೆ ತೋರಿಸಿದೆ? ನಿಜ ಹೇಳು."

"ದೇವರಾಣೆ ಯಾರಿಗೂ ಇಲ್ಲ. ನಾನೇ ಸರಿಯಾಗಿ ನೋಡಿಲ್ಲ." ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಅಧ್ಯಕ್ಷರ ಪಟದ ಹಿಂದೆ ಸಿಗಿಸಿದೀನಿ, ಹಜಾರದಲ್ಲಿ."

ಲಮೆಕ್ ಹತ್ತಿರ ಸರಿದ. "ಎಲ್ಲಿ?"

"ಅದನ್ನ ಯಾರು ಮುಟ್ತಾರೆ ಮಾವ? ಅಪ್ಪ ನನ್ನ ಹಾಸಿಗೆ ಝಾಡಿಸ್ತಾರೆ, ಪುಸ್ತಕ ಝಾಡಿಸ್ತಾರೆ. ಅಧ್ಯಕ್ಷರನ್ನ ಝಾಡಿಸೋಕೆ ಅವರಿಗೆ ಧೈರ್ಯ ಇದ್ಯಾ? ನಮ್ ಕ್ಲಾಸಲ್ಲಿ ಎಲ್ಲರೂ ಅಲ್ಲೇ ಇಡೋದು."

ಇನ್ನೊಂದು ಸಮಯದಲ್ಲಾಗಿದ್ದರೆ ಅವನು ಹೊಟ್ಟೆ ಹಿಡಿದು ನಗುತ್ತಿದ್ದ. ಈಗ, "ತಂದು ಒಲೆಗೆ ಹಾಕು, ಇವತ್ತೇ," ಎಂದ.

ಎನಿಫಳ ಮುಖ ಸಣ್ಣದಾಯಿತು. "ಒಲೆಗಾ? ನನ್ನದು ಅಂತ ಇರೋದು ಅದೊಂದೇ ಪಟ." ಆಮೇಲೆ ತಾನೇ ಸಮಾಧಾನ ಮಾಡಿಕೊಂಡವಳಂತೆ, "ಹೋಗ್ಲಿ ಬಿಡಿ. ನೆಗೆಟಿವ್ ನಿಮ್ಮ ಹತ್ರ ಇರತ್ತಲ್ಲ," ಎಂದು ಬಕೆಟ್ಟು ಹೊತ್ತು ಹೊರಟಳು.

ಅವಳ ಕಡೆಯಿಂದ ಸುದ್ದಿ ಹೋಗಿಲ್ಲ ಎಂದು ತಿಳಿದಮೇಲಾದರೂ ಅವನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹಾಗಾದರೆ ಇನ್ನಾರೋ ಹೇಳಿದ್ದಾರೆ, ಇನ್ಯಾವುದೋ ಪಟ ಸಿಕ್ಕಿದೆ ಎಂದು ಹೆದರಿಕೆ ಬೇರೆ ದಾರಿ ಹಿಡಿಯಿತು. ಹೆದರಿಕೆಗೆ ಒಮ್ಮೆ ಚಾಪೆ ಹಾಸಿಕೊಟ್ಟರೆ ಅದು ಎದ್ದುಹೋಗಲು ಕಾರಣ ಹುಡುಕುವುದಿಲ್ಲ, ಕೂರಲು ಹುಡುಕುತ್ತದೆ. ಸೋಮವಾರ ಅವರು ಬಂದು ಡಬ್ಬಿ ತೆಗೆಸಿದರೆ ತಾನೊಬ್ಬನೇ ಅಲ್ಲ, ಲಕೋಟೆಯ ಮೇಲೆ ಹೆಸರಿರುವ ಅಷ್ಟೂ ಮಕ್ಕಳು. ಕೆಲವರು ಈಗ ಮೇಷ್ಟರು, ಕೆಲವರು ನರ್ಸುಗಳು, ಒಬ್ಬನಂತೂ ಪೊಲೀಸು. ಈ ಯೋಚನೆ ಅವನಿಗೆ ಒಳ್ಳೆಯ ನೆಪವಾಯಿತು. ತನ್ನ ಜೀವಕ್ಕೆ ಹೆದರಿದೆ ಎನ್ನುವುದಕ್ಕಿಂತ ಮಕ್ಕಳನ್ನು ಉಳಿಸಿದೆ ಎಂದುಕೊಳ್ಳುವುದು ಸುಲಭ.

ಭಾನುವಾರ ಬೆಳಿಗ್ಗೆ ಜನವೆಲ್ಲ ಚರ್ಚಿಗೆ ಹೋದ ಹೊತ್ತಿನಲ್ಲಿ ಹಿತ್ತಲಿನ ತಗಡಿನ ಪೀಪಾಯಿಯಲ್ಲಿ ಬೆಂಕಿ ಮಾಡಿದ. ಜನ ವಾಪಸ್ಸು ಕೊಟ್ಟ ಪಟಗಳನ್ನೂ ಮೊದಲ ಡಬ್ಬಿಯನ್ನೂ ನೋಡದೆಯೇ ಸುರಿದ. ಫಿಲಂ ಸುರುಟಿಕೊಂಡು, ಕೂದಲು ಸುಟ್ಟ ವಾಸನೆ ಎಬ್ಬಿಸಿ, ಕಪ್ಪು ಹೊಗೆಯಾಯಿತು. ಎರಡನೆಯ ಡಬ್ಬಿಗೆ ಬರುವಷ್ಟರಲ್ಲಿ ಕೈ ಕೇಳದೆ ಒಂದೊಂದನ್ನೇ ಆಕಾಶಕ್ಕೆ ಹಿಡಿದು ನೋಡತೊಡಗಿದ. ನೆಗೆಟಿವ್‌ನಲ್ಲಿ ಲಿಂಬೆಯ ಮಕ್ಕಳೆಲ್ಲ ಬಿಳಿ ಮುಖ, ಕರಿ ಹಲ್ಲು. ವಿಲಾಯತಿಯ ದೊರೆಮಕ್ಕಳು ಅಡಿಕೆ ಹಾಕಿಕೊಂಡು ನಕ್ಕ ಹಾಗೆ. ಆದರೂ ಲಮೆಕ್‌ಗೆ ಪ್ರತಿಯೊಬ್ಬರ ಗುರುತೂ ಹತ್ತುತ್ತಿತ್ತು. ಇವಳು ಮದುವೆಗೆ ಮುಂಚೆ ಕೊನೆಯ ಸಲ ಗೆಳತಿಯ ಜೊತೆ ಬಂದವಳು. ಇವನು ಷೂ ಇಲ್ಲದೆ ನನ್ನ ಷೂ ಹಾಕಿಕೊಂಡು ಹೆಬ್ಬೆರಳು ನೋವೆಂದು ಅತ್ತವನು. ನೋಡುವುದು, ಹಾಕುವುದು. ಬೆಸ್ಟನ್‌ನದು ಬಂದಾಗ ಕೈ ಸ್ವಲ್ಪ ತಡೆಯಿತು. ಚೇರ್ಮನ್ನರ ಮಗನ ಬೆಲ್‌ಬಾಟಂ ಇವನ ಮನೆಯಲ್ಲಿ ಸಿಕ್ಕರೆ ಒಂದಕ್ಕೆರಡು ಶಿಕ್ಷೆ. ಅದನ್ನೂ ಹಾಕಿದ.

ಬೀಟಿ ಸಾಯಿದಿ ಚರ್ಚಿಗೆ ಹೋಗುವವಳಲ್ಲ, ಅವಳದು ಮಸೀದಿ. ಬೇಲಿಯ ಮೇಲಿಂದ ಇಣುಕಿದಳು.

"ಏನೋ ಅದು ಗಬ್ಬು ವಾಸನೆ? ಹಂದಿ ಗಿಂದಿ ಸುಡ್ತಿದೀಯೇನೋ ನನ್ನ ಬೇಲಿ ಪಕ್ಕದಲ್ಲಿ?"

"ಕಸ ಅಕ್ಕ."

ಅವಳು ಪೀಪಾಯಿ ನೋಡಿದಳು, ಖಾಲಿ ಬಿಸ್ಕತ್ತಿನ ಡಬ್ಬಿಗಳನ್ನು ನೋಡಿದಳು. ಬಯ್ಯಲು ತೆರೆದ ಬಾಯಿ ಹಾಗೇ ನಿಂತಿತು. "ನಮ್ಮ ಅಮೀನಂದೂ ಇತ್ತಲ್ಲೋ ಅದರಲ್ಲಿ," ಎಂದಳು ಮೆತ್ತಗೆ. ಅಮೀನ ಅವಳ ಮಗಳು, ಮದುವೆಯಾಗಿ ಗಡಿಯಾಚೆ ಹೋದವಳು. ಲಮೆಕ್ ತಲೆ ಎತ್ತದೆ ಬೆಂಕಿ ಕೆದಕಿದ. ಬೀಟಿ ಸಾಯಿದಿ ಒಳಗೆ ಹೋದಳು. ಆ ದಿನ ಅವಳ ಒಲೆ ಹೊತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಗಾಜು ಒರೆಸಿ, ಕತ್ತಲೆ ಕೋಣೆಗೆ ಹೋದವನಿಗೆ ಒಣಹಾಕುವ ದಾರದಲ್ಲಿ ಕ್ಲಿಪ್ಪಿಗೆ ಸಿಕ್ಕಿಕೊಂಡ ಒಂದು ತುಂಡು ಫಿಲಂ ಕಂಡಿತು. ಎನಿಫ! ಪಕ್ಕದಲ್ಲೇ, ಶುಕ್ರವಾರ ಅಂಗಿಯಿಂದ ತೆಗೆದು ಮತ್ತೆ ತೂಗುಹಾಕಿದ್ದ, ಅವಳ ಗೆಳತಿಗೆಂದು ತೊಳೆದ ಪಟ. ಎಲ್ಲವನ್ನೂ ಸುಟ್ಟು ಸುಡಲೇಬೇಕಾದ ಒಂದನ್ನೇ ಮರೆತಿದ್ದ. ಬೀದಿಯ ತುಂಬ ಜನ, ಬೆಂಕಿ ಹಾಕುವಂತಿಲ್ಲ. ಕತ್ತರಿ ತಂದ. ಫಿಲಂ ಅಂಚಿಗೆ ಇಟ್ಟ. ಭುಜದ ಮೇಲಿಂದ ತಿರುಗಿ ಅವಳು ನಗುತ್ತಿದ್ದಳು, ಬಿಳಿ ಮುಖ, ಕರಿ ಹಲ್ಲು. ಇಷ್ಟು ವರ್ಷದ ಕಸುಬಿನಲ್ಲಿ ಉಳಿದದ್ದು ಇದೊಂದೇ ಎಂಬ ಯೋಚನೆ ಬಂದು ಅವನು ಕತ್ತರಿ ಒತ್ತಲಿಲ್ಲ.

ಹೊರಗೆ ಬೀಟಿ ಸಾಯಿದಿಯ ದನಿ ಕೇಳಿತು. "ಬನ್ನಿ ಯಜಮಾನ್ರೇ, ಇವತ್ತು ಇದಾನೆ."

ಲಮೆಕ್ ಕತ್ತರಿ ಕೆಳಗೆ ಹಾಕಿದ. ಫಿಲಮ್ಮನ್ನೂ ಪಟವನ್ನೂ ಒಂದು ಲಕೋಟೆಗೆ ತುರುಕಿದ. ಎಲ್ಲಿ ಇಡುವುದು? ಅಂಗಿಯಲ್ಲಿ ತಡಕುತ್ತಾರೆ, ಮಂಚದ ಕೆಳಗೆ ನೋಡುತ್ತಾರೆ, ಹಿಟ್ಟಿನ ಡ್ರಮ್ಮು ತೆಗೆಸುತ್ತಾರೆ. ‘ಅದನ್ನ ಯಾರು ಮುಟ್ತಾರೆ ಮಾವ?’ ಸ್ಟೂಲು ಹತ್ತಿ ಲಕೋಟೆಯನ್ನು ಅಧ್ಯಕ್ಷರ ಪಟದ ಹಿಂದೆ ಸಿಗಿಸಿ ಇಳಿಯುವುದಕ್ಕೂ ಚೇರ್ಮನ್ ಲುಪಿಯ ಒಳಗೆ ಕಾಲಿಡುವುದಕ್ಕೂ ಸರಿಹೋಯಿತು.

ಒಬ್ಬರೇ ಬಂದಿದ್ದರು. ಪಕ್ಷದ ಬಿಲ್ಲೆ ಅಂಗಿಯ ಮೇಲಿತ್ತು, ಆದರೆ ಗುಂಡಿ ಮೇಲು ಕೆಳಗಾಗಿ ಹಾಕಿಕೊಂಡಿದ್ದರು. ಬಾಗಿಲನ್ನು ತಾವೇ ಮುಚ್ಚಿದರು.

"ಲಮೆಕ್, ನೀನು ತೆಗೆದಿದ್ದೆಲ್ಲ ಇಟ್ಕೊಂಡಿರ್ತೀಯಂತೆ."

"ಇಲ್ಲ ಯಜಮಾನ್ರೇ." ಲಮೆಕ್ ಹಿತ್ತಲಿನ ಕಡೆ ಕೈ ತೋರಿಸಿದ. "ಹಳೇದೆಲ್ಲ ಸುಟ್ಟುಬಿಟ್ಟೆ. ಕಾನೂನಿಗೆ ವಿರುದ್ಧ ಅಂತ. ಒಂದೂ ಇಲ್ಲ. ಬೇಕಾದ್ರೆ ಮನೆಯೆಲ್ಲ ಹುಡುಕಿ."

ಶಹಬ್ಬಾಸ್ ಎನ್ನುತ್ತಾರೆ ಎಂದುಕೊಂಡಿದ್ದ. ಲುಪಿಯ ಅವನನ್ನೇ ನೋಡುತ್ತ ನಿಂತರು.

"ಸುಟ್ಟೆ? ಎಲ್ಲಾನೂ?"

"ಎಲ್ಲಾನೂ."

"ಯಾವಾಗ?"

"ನಿನ್ನೆ."

ಚೇರ್ಮನ್ ಗಿರಾಕಿಗಳು ಕೂರುವ ಬೆಂಚಿನ ಮೇಲೆ ಮೆಲ್ಲಗೆ ಕೂತರು. ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು.

"ಬೆಸ್ಟನ್ ಹೋಗಿಬಿಟ್ಟ," ಎಂದರು. "ಗಣಿ ಒಳಗೆ ಬಂಡೆ ಕುಸೀತಂತೆ. ಗುರುವಾರ ತಂತಿ ಬಂತು. ಅಲ್ಲೇ ಮಣ್ಣು ಮಾಡಿದಾರಂತೆ. ಅವರಮ್ಮನಿಗೆ ಇನ್ನೂ ಹೇಳಿಲ್ಲ ನಾನು. ಹೇಗೆ ಹೇಳ್ಲಿ? ಹೆಣ ಇಲ್ಲ, ಪಟಾನೂ ಇಲ್ಲ. ಬರಿಗೈಯಲ್ಲಿ ಹೋಗಿ ನಿನ್ನ ಮಗ ಸತ್ತ ಅಂತ ಹೇಳ್ಲಾ?"

ಲಮೆಕ್ ಹೋಗಿ ಬಾಗಿಲ ಅಗುಳಿ ಹಾಕಿದ.

"ಇಲ್ಲಿದ್ದಿದ್ದನ್ನ ಎಲ್ಲರ ಮುಂದೆ ಹರಿದೆ. ಮನೇಗೆ ಹೋಗಿ ಅಲ್ಲಿದ್ದಿದ್ದನ್ನೂ ಹರಿದೆ. ಅವಳು ಕೈಮುಗಿದಳು, ಬಿಡಲಿಲ್ಲ. ಹರೀವಾಗ ಒಂದು ಧೈರ್ಯ ಇತ್ತು ಮಾರಾಯ. ನೆಗೆಟಿವ್ ಲಮೆಕ್ ಹತ್ರ ಇರತ್ತೆ, ಎಲ್ಲಿ ಹೋಗತ್ತೆ ಅಂತ."

ಹೊರಗೆ ಬೀಟಿ ಸಾಯಿದಿ ಎಣ್ಣೆಗೆ ಹಿಟ್ಟು ಬಿಟ್ಟ ಸದ್ದು ಚುಂಯ್ ಎಂದು ಕೇಳಿತು. ಒಂದೇ ಒಂದು ದಿನ ತಡೆದಿದ್ದರೆ ಎಂದು ಲಮೆಕ್ ಯೋಚಿಸಿದ. ಆ ಯೋಚನೆ ಇನ್ನು ಸಾಯುವತನಕ ತನ್ನನ್ನು ಬಿಡುವುದಿಲ್ಲ ಎಂದೂ ಅವನಿಗೆ ಗೊತ್ತಾಯಿತು.

"ಹೇಗೆ ನಿಂತಿದ್ದ ಅವನು?" ಎಂದರು ಲುಪಿಯ. "ಆವತ್ತು ನಾನು ನೋಡಿದ್ದು ಪ್ಯಾಂಟು ಮಾತ್ರ. ಮುಖ ನೆನಪಾಗ್ತಿಲ್ಲ. ನಿನಗೆ ನೆನಪಿದ್ಯಾ?"

ನೆನಪಿಲ್ಲದೆ ಏನು? ಲಮೆಕ್ ರೇಡಿಯೊ ತಂದು ಮಹಡಿಮನೆಗಳ ಪರದೆಯ ಮುಂದೆ ಇಟ್ಟ. ಕಪ್ಪು ಕನ್ನಡಕ ಹಾಕಿಕೊಂಡ. ರೇಡಿಯೊ ಮೇಲೆ ಕಾಲಿಟ್ಟ. ಹೊಟ್ಟೆ ಮುಂದೆ ಬಂದ, ತಲೆ ನರೆತ ಗಂಡಸು ಎಡಗೈಯನ್ನು ಸೊಂಟಕ್ಕೆ ಕೊಟ್ಟು, ಗಲ್ಲ ಎತ್ತಿ, ಬಲಗೈ ಮೇಲೆ ಮಾಡಿ ದೂರದ ಯಾವುದೋ ಊರನ್ನು ತೋರಿಸುತ್ತ ನಿಂತ. "ಹೀಗೆ ಯಜಮಾನ್ರೇ. ನಗು ಬರ್ತಿತ್ತು ಅವನಿಗೆ, ತಡ್ಕೊಂಡಿದ್ದ. ಈ ಕೆನ್ನೆ ಒಳಗಡೆಯಿಂದ ಕಚ್ಚಿ ಹಿಡ್ಕೊಂಡಿದ್ದ. ಹೀಗೆ."

ಲುಪಿಯ ನೋಡಿದರು. ತುಂಬ ಹೊತ್ತು ನೋಡಿದರು. "ಹೌದು, ಸಣ್ಣವನಿದ್ದಾಗಿಂದ್ಲೂ ನಗು ಬಂದ್ರೆ ಕೆನ್ನೆ ಕಚ್ಕೋತಿದ್ದ," ಎಂದರು. ಅವರ ಗಲ್ಲ ನಡುಗತೊಡಗಿತು. ಆಗ ಅವರ ಕಣ್ಣು ಮೇಲಿನ ಗೋಡೆಗೆ ಹೋಯಿತು. ತಟ್ಟನೆ ಎದ್ದರು. ಸ್ಟೂಲು ಎಳೆದುಕೊಂಡು ಹತ್ತಿದರು.

"ಹಿರಿಯರ ಮುಂದೆ ಅಳಬಾರದು," ಎಂದು ಗೊಣಗುತ್ತ ಎರಡೂ ಕೈಯಿಂದ ಅಧ್ಯಕ್ಷರ ಪಟವನ್ನು ಮೊಳೆಯಿಂದ ಬಿಡಿಸಿದರು.

ಲಮೆಕ್‌ನ ಕಾಲು ರೇಡಿಯೊದ ಮೇಲೆಯೇ ಅಂಟಿಹೋಯಿತು. ಪಟದ ಹಿಂದಿನಿಂದ ಲಕೋಟೆ ಜಾರಿ, ಗಾಳಿಯಲ್ಲಿ ಒಂದು ಸುತ್ತು ಹೊಡೆದು ನೆಲಕ್ಕೆ ಬಿತ್ತು. ಎನಿಫಳ ಪಟ ಅರ್ಧ ಹೊರಗೆ ಬಂತು.

ಲುಪಿಯ ಇಳಿದು, ಅಧ್ಯಕ್ಷರನ್ನು ಗೋಡೆಗೆ ಮುಖ ಮಾಡಿ ಒರಗಿಸಿ, ಬಗ್ಗಿ ಲಕೋಟೆ ಎತ್ತಿಕೊಂಡರು. ಪಟವನ್ನು ಈಚೆ ತೆಗೆದರು. ಕಿಟಕಿಯ ಹತ್ತಿರ ಹೋಗಿ ನೋಡಿದರು. ಪ್ಯಾಂಟು ನೋಡಿದರು, ಕನ್ನಡಿ ನೋಡಿದರು. ತಲೆ ಎತ್ತಿ ಎದುರಿನ ಬರಿ ಮೊಳೆಯನ್ನೂ ಅದರ ಕೆಳಗಿನ ಬಿಳಿ ಚೌಕವನ್ನೂ ನೋಡಿದರು. ಮತ್ತೆ ಪಟಕ್ಕೆ ಬಂದರು. ಕನ್ನಡಕದ ಹಿಂದೆ ಲಮೆಕ್ ಕಣ್ಣು ಮುಚ್ಚಿಕೊಂಡ.

"ಯಾರ ಮಗಳು?" ಎಂಬ ದನಿ ಕೇಳಿತು.

ಲಮೆಕ್ ರೇಡಿಯೊ ಮೇಲಿಂದ ಕಾಲು ಇಳಿಸಿದ.

"ಹೇಳಬೇಡ, ಬಿಡು." ಲುಪಿಯ ಪಟವನ್ನು ಲಕೋಟೆಗೆ ಸೇರಿಸಿ, ಲಕೋಟೆಯನ್ನು ಅಧ್ಯಕ್ಷರ ಪಟದ ಹಿಂದೆ, ಮೊದಲು ಇದ್ದ ಹಾಗೆಯೇ ಸಿಗಿಸಿದರು. ಆಮೇಲೆ ಬೆಂಚಿನ ಮೇಲೆ ಕೂತು, ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಸದ್ದಾಗದಂತೆ ಅಳುವುದನ್ನು ಆ ಊರಿನ ಗಂಡಸರು ಚೆನ್ನಾಗಿ ಕಲಿತಿದ್ದರು. ಲಮೆಕ್ ಬಂದು ಅವರ ಪಕ್ಕದಲ್ಲಿ ಕೂತ.

ಅತ್ತು ಮುಗಿದ ಮೇಲೆ ಲುಪಿಯ ಅಂಗಿಯ ಗುಂಡಿ ಬಿಚ್ಚಿ ಸರಿಯಾಗಿ ಹಾಕಿಕೊಂಡರು. ಪಟವನ್ನು ತಾವೇ ಮೊಳೆಗೆ ತೂಗುಹಾಕಿ, ದೂರ ನಿಂತು ನೆಟ್ಟಗಿದೆಯೇ ಎಂದು ನೋಡಿದರು. ಬಾಗಿಲ ಹತ್ತಿರ ಹೋಗಿ ತಿರುಗಿದರು.

"ಅದೊಂದನ್ನ ಸುಡಬೇಡ ಲಮೆಕ್," ಎಂದರು. "ಅವಳಪ್ಪ ಒಂದಿನ ಬರ್ತಾನೆ."